ಗಟ್ಟಿಮುಟ್ಟಾದ ಆಮ್ಲೆಟ್

ಎರಡು ಬೀದಿ ಕೂಡುವ ಮೂಲೆಯಲ್ಲಿ, ಹಿಂದೆ ಸೈಕಲ್ ರಿಪೇರಿ ಅಂಗಡಿಯಿದ್ದ ಜಾಗದಲ್ಲಿ ಅತ್ತಿಗೆ ಹೋಟೆಲು ತೆರೆದಾಗ ಮನೆಯವರಿಗೆಲ್ಲ ಒಂದೊಂದು ಕೆಲಸ ಗಂಟುಬಿತ್ತು. ಅಣ್ಣ ಬಡಗಿ. ಟೇಬಲ್ಲು, ಕುರ್ಚಿ, ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಟಕಿಯ ಹಲಗೆ, ಎಲ್ಲ ಅವನ ಕೈಕೆಲಸ. ಶನಿವಾರ ಭಾನುವಾರ ಉಳಿ ಸುತ್ತಿಗೆ ಕೆಳಗಿಟ್ಟು, ಬಿಳಿ ಅಂಗಿ ತೊಟ್ಟು ಬಡಿಸುವ ಕೆಲಸವೂ ಅವನದೇ. ಮಾತು ಕಮ್ಮಿಯ ಮನುಷ್ಯ. ಗಿರಾಕಿ ಏನು ಹೇಳಿದರೂ ‘ಹೂಂ’ ಅನ್ನುವುದು, ತಟ್ಟೆ ತೆಗೆಯುವುದು, ಅಷ್ಟೇ. ಅವನ ತಮ್ಮನಿಗೆ ಬಿದ್ದದ್ದು ಮಾತ್ರ ವಿಚಿತ್ರವಾದ ಕೆಲಸ. ಈ ತಮ್ಮ ಸಿಟಿ ಬಸ್ಸಿನ ಡ್ರೈವರ್. ವಯಸ್ಸು ನಲವತ್ತು ದಾಟಿದರೂ ಒಂಟಿ, ಊರಿನ ಇನ್ನೊಂದು ತುದಿಯ ಬಾಡಿಗೆ ರೂಮಿನಲ್ಲಿದ್ದ. ಅತ್ತಿಗೆಯ ಬಡಾವಣೆಯಲ್ಲಿ ಅವನ ಮುಖಪರಿಚಯ ಯಾರಿಗೂ ಇರಲಿಲ್ಲ. ಅದಕ್ಕೇ ಅವಳು ಅವನನ್ನು ಆರಿಸಿದ್ದು. ಭಾನುವಾರ ಗಿರಾಕಿಯ ಹಾಗೆ ಬಂದು ಕೂರಬೇಕು, ಸುತ್ತಲಿನವರು ತಿನ್ನುತ್ತ ಏನೇನು ಆಡಿಕೊಳ್ಳುತ್ತಾರೆ ಅಂತ ಕಿವಿಗೊಟ್ಟು ಕೇಳಬೇಕು, ಬಾಗಿಲು ಹಾಕಿದ ಮೇಲೆ ಅಡುಗೆಮನೆಗೆ ಬಂದು ಎಲ್ಲ ಹೇಳಬೇಕು.

ಅತ್ತಿಗೆಯ ಈ ಆಸೆಗೆ ಕಾರಣವಿತ್ತು. ಮೊದಲು ಅವಳು ಒಂದು ಬಟ್ಟೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ಗಂಟೆ ಹೊಡೆದ ಕೂಡಲೇ ನೂರಾರು ಜನ ನುಗ್ಗುತ್ತಿದ್ದರು, ತಿನ್ನುತ್ತಿದ್ದರು, ಕೈ ತೊಳೆದು ಮೆಷಿನ್ನಿಗೆ ಹೋಗುತ್ತಿದ್ದರು. ಚೆನ್ನಾಗಿದೆ ಅಂದವರಿಲ್ಲ, ಕೆಟ್ಟಿದೆ ಅಂದವರೂ ಇಲ್ಲ. ಗೋಡೆಗೆ ಬಡಿಸಿದ ಹಾಗಿತ್ತು ಅನ್ನುತ್ತಿದ್ದಳು. ಕಾರ್ಖಾನೆ ಬೇರೆ ಊರಿಗೆ ಹೋದ ಮೇಲೆ, ಇನ್ನು ಮಾಡಿದರೆ ನನ್ನದೇ ಅಡುಗೆ, ತಿಂದವರ ಮುಖ ನೋಡುವಂಥ ಅಡುಗೆ ಅಂತ ಹಟಕ್ಕೆ ಬಿದ್ದಳು. ಈ ಬಡಾವಣೆಯ ಜನ ರಜೆಯ ದಿನ ತಡವಾಗಿ ಏಳುವವರು. ತಿಂಡಿಯ ಹೊತ್ತು ಮೀರಿರುತ್ತದೆ, ಊಟದ ಹೊತ್ತು ಆಗಿರುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಆಮ್ಲೆಟ್, ಟೋಸ್ಟ್, ಹುರಿದ ಆಲೂಗಡ್ಡೆ, ಹಣ್ಣು, ಕಾಫಿ ಕೊಟ್ಟರೆ ನಡೆದೀತು ಅನ್ನುವುದು ಅವಳ ಅಂದಾಜು. ಹೊಸ ಹುಡುಗರು ಇದಕ್ಕೆ ಬ್ರಂಚ್ ಅನ್ನುತ್ತಾರೆ ಅಂತ ಡ್ರೈವರ್ ಹೇಳಿದಾಗ, ಹೆಸರು ಏನಾದರೂ ಇಟ್ಟುಕೊಳ್ಳಲಿ, ಹಸಿದು ಬಂದರೆ ಸಾಕು ಅಂದಳು.

ಮೊದಲ ಭಾನುವಾರ ಹೋಟೆಲು ತುಂಬಿತು. ಡ್ರೈವರ್ ಕಿಟಕಿಯ ಹತ್ತಿರದ ಟೇಬಲ್ಲಿನಲ್ಲಿ ಪೇಪರು ಹಿಡಿದು ಕೂತಿದ್ದ. ಸಂಜೆ ಅತ್ತಿಗೆ ಕೇಳಿದಾಗ ಕೇಳಿಸಿಕೊಂಡದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಒಪ್ಪಿಸಿಬಿಟ್ಟ. ಕಾಫಿ ನೀರು ನೀರಾಗಿದೆ ಅಂತ ಇಬ್ಬರು ಗೊಣಗಿದರು. ಆ ಬಡಾವಣೆಯ ಲೆಕ್ಕದ ಮೇಷ್ಟ್ರೊಬ್ಬರು ಆಲೂಗಡ್ಡೆಯನ್ನು ಫೋರ್ಕಿನಿಂದ ಪಕ್ಕಕ್ಕೆ ತಳ್ಳಿದರು. ಆಮ್ಲೆಟ್ ಕತ್ತರಿಸುವಾಗ ಒಬ್ಬಾಕೆಯ ಚಾಕು ಜಾರಿ ಪಕ್ಕದವನ ತಟ್ಟೆಗೆ ಹೋಯಿತು. ಅತ್ತಿಗೆ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಮನೆಗೆ ಹೋದಳು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಮಧ್ಯಾಹ್ನವಾದರೂ ಏಳಲಿಲ್ಲ. ಅಣ್ಣ ಡಿಪೋಗೆ ಫೋನು ಮಾಡಿದ. ಅವನು ಆಡಿದ್ದು ಒಂದೇ ಮಾತು.

“ಲೋ, ಒಳ್ಳೇದು ಒಂದೂ ಕೇಳಿಸ್ಲಿಲ್ವಾ ನಿಂಗೆ?”

ಆ ಮಾತು ಡ್ರೈವರನ ಎದೆಗೆ ನಾಟಿತು. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ಮನೆ ಅಂತ ಇದ್ದದ್ದು ಇವರದೊಂದೇ. ಜ್ವರ ಬಂದರೆ ಗಂಜಿ ಕಳಿಸುತ್ತಿದ್ದವಳು ಅತ್ತಿಗೆ, ಯೂನಿಫಾರಮ್ಮಿನ ಗುಂಡಿ ಹೊಲಿಯುತ್ತಿದ್ದವಳೂ ಅವಳೇ. ಅಂಥವಳನ್ನು ಮಲಗಿಸಿಬಿಟ್ಟೆನಲ್ಲ ಅನಿಸಿತು. ಮುಂದಿನ ಭಾನುವಾರದಿಂದ ಅವನ ವರದಿಯ ಧಾಟಿಯೇ ಬದಲಾಯಿತು. ಉಳಿದವರು ಸುದ್ದಿಗೆ ಉಪ್ಪು ಖಾರ ಹಚ್ಚಿ ಹೇಳಿದರೆ ಇವನು ಬೆಣ್ಣೆ ಸಕ್ಕರೆ ಹಚ್ಚತೊಡಗಿದ. ಪೂರಾ ಸುಳ್ಳು ಹೇಳುವುದು ಅವನಿಂದ ಆಗದು. ಹಾಗಾಗಿ ಜನ ಆಡಿದ ಮಾತನ್ನೇ ತಿರುಗಿಸಿ ಮುರುಗಿಸಿ ಒಳ್ಳೆಯ ಬದಿ ಮೇಲೆ ಬರುವ ಹಾಗೆ ಇಡುತ್ತಿದ್ದ. ‘ಇಂಥ ಕಾಫಿ ಎಲ್ಲೂ ಕುಡಿದಿಲ್ಲ’ ಅಂತ ಯಾರೋ ಮುಖ ಸಿಂಡರಿಸಿದ್ದರೆ, ಮಾತನ್ನಷ್ಟೇ ತಂದು ಮುಖವನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಮೇಷ್ಟ್ರು ‘ಈ ಆಲೂಗಡ್ಡೆ ಮರೆಯೋಕೆ ಒಂದು ವಾರ ಬೇಕು’ ಅಂದದ್ದು ಅಡುಗೆಮನೆ ಮುಟ್ಟುವ ಹೊತ್ತಿಗೆ ‘ಆಲೂಗಡ್ಡೆ ವಾರವೆಲ್ಲ ನೆನಪಿರುತ್ತೆ ಅಂದ್ರು’ ಅಂತಾಗಿತ್ತು.

ಅತ್ತಿಗೆಯ ಮುಖ ಅರಳಿತು. ಅಣ್ಣನೂ ರಂದ ಹೊಡೆಯುತ್ತ ಶಿಳ್ಳೆ ಹಾಕುವಂತಾದ.

ಹಾಗಂತ ಹೊಗಳುವವರು ಇರಲೇ ಇಲ್ಲ ಅಂತಲ್ಲ. ಎದುರು ಸಾಲಿನ ಕ್ಷೌರದ ಅಂಗಡಿಯವನಿಗೆ ಆ ಹೋಟೆಲೆಂದರೆ ಪ್ರಾಣ. ಅದರಲ್ಲೂ ಅಂಚು ಕಪ್ಪಾಗುವ ತನಕ ಹುರಿದ ಆಲೂಗಡ್ಡೆಯೆಂದರೆ ಮುಗಿದೇ ಹೋಯಿತು. ಗರಿಗರಿ ಅಂತ ಸದ್ದು ಮಾಡುತ್ತ ತಿಂದು, ಇದನ್ನು ತಿನ್ನಲು ಬಾರದವರಿಗೆ ಬಾಯಲ್ಲಿ ನಾಲಿಗೆಯಿಲ್ಲ ಅಂತ ಹೋಟೆಲಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ. ಲೆಕ್ಕದ ಮೇಷ್ಟ್ರಿಗೆ ಇದು ತಮಗೇ ಅಂದದ್ದು ಅಂತ ಗೊತ್ತಾಗುತ್ತಿತ್ತು. ಇದ್ದಿಲು ತಿನ್ನುವವರು ಬೆಂಕಿ ಹೊತ್ತಿಸಿಕೊಂಡು ಮನೆಯಲ್ಲೇ ತಿನ್ನಬಹುದಲ್ಲ ಅಂತ ಅವರು ಟೋಸ್ಟಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಜಗಳ ಎಲ್ಲಿಗೆ ಮುಟ್ಟಿತೆಂದರೆ ಮೇಷ್ಟ್ರು ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಬೇರೆ ಕ್ಷೌರದ ಅಂಗಡಿ ದೂರ, ಮೇಷ್ಟ್ರ ಮಂಡಿ ನೋವು ಹಳೆಯದು. ಕೂದಲು ಕಿವಿ ಮುಚ್ಚಿ ಕಾಲರು ಮುಟ್ಟಿತು. ಆದರೂ ಇಬ್ಬರೂ ಪ್ರತಿ ಭಾನುವಾರ ಬರುವುದು ಮಾತ್ರ ತಪ್ಪಲಿಲ್ಲ.

ಇವರಿಬ್ಬರಿಗಿಂತ ಡ್ರೈವರನಿಗೆ ಹೆಚ್ಚು ಕೆಲಸ ಕೊಟ್ಟವಳು ಮೂಲೆ ಟೇಬಲ್ಲಿನ ಹೆಂಗಸು. ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಳು. ಅವನದೇ ವಾರಿಗೆಯವಳು, ಕೂದಲನ್ನು ಗಿಡ್ಡ ಕತ್ತರಿಸಿಕೊಂಡು, ದೊಡ್ಡ ಫ್ರೇಮಿನ ಕನ್ನಡಕ ಹಾಕಿಕೊಂಡು ಒಬ್ಬಳೇ ಬರುತ್ತಿದ್ದಳು. ಪ್ರತಿ ಸಲವೂ ಆಮ್ಲೆಟ್ಟೇ ಬೇಕು. ಬಂದ ತಟ್ಟೆಯನ್ನು ಹತ್ತಿರಕ್ಕೆಳೆದು ಮೂಸಿ ನೋಡುವಳು, ಕಣ್ಣಲ್ಲಿ ಆಸೆ ಮೂಡುವುದು. ಎರಡು ತುತ್ತು ಅಗಿಯುವಳು, ಆಸೆ ಆರಿ ಹೋಗುವುದು. ತಟ್ಟೆ ತೆಗೆಯಲು ಬಂದ ಅಣ್ಣನಿಗೆ ಶಾಂತವಾಗಿ, ಮುಖ ಗಂಟಿಕ್ಕದೆ ತನ್ನ ಅಭಿಪ್ರಾಯ ಹೇಳುವಳು. ಇವತ್ತು ಅಗಿಯುವಾಗ ದವಡೆ ಸದ್ದು ಮಾಡಿತು, ಇವತ್ತಿನದನ್ನು ಮುರಿದ ಕುರ್ಚಿಗೆ ಒತ್ತು ಕೊಡಬಹುದು, ಹೀಗೆ. ಅಣ್ಣ ‘ಹೂಂ’ ಅನ್ನುತ್ತಿದ್ದ. ಪಕ್ಕದ ಟೇಬಲ್ಲಿನಲ್ಲಿ ಕೂತ ಡ್ರೈವರ್ ಸಂಜೆ ಅತ್ತಿಗೆಗೆ ಅದನ್ನು ಅನುವಾದಿಸುತ್ತಿದ್ದ.

“ಮೂಲೆಯವರು ಏನಂದ್ರು?” ಅಂತ ಅವಳು ಮೊದಲು ಕೇಳುವುದೇ ಅದು.

“ಆಮ್ಲೆಟ್ ಗಟ್ಟಿಮುಟ್ಟಾಗಿದೆ ಅಂದ್ರು ಅತ್ತಿಗೆ. ಇಂಥದ್ದು ಇನ್ನೆಲ್ಲೂ ಸಿಗಲ್ವಂತೆ.”

ಅತ್ತಿಗೆ ಮುಂದಿನ ವಾರ ಆಮ್ಲೆಟ್ಟನ್ನು ಇನ್ನಷ್ಟು ದಪ್ಪ ಮಾಡಿದಳು.

ಈ ನಡುವೆ ಡ್ರೈವರನಿಗೂ ಕನ್ನಡಕದಂಗಡಿಯವಳಿಗೂ ಮಾತು ಬೆಳೆಯಿತು. ಶುರು ಮಾಡಿದವಳು ಅವಳೇ. ನೀವೂ ಪ್ರತಿ ವಾರ ಬಂದು ಅರ್ಧ ಬಿಟ್ಟು ಹೋಗುತ್ತೀರಲ್ಲ, ನಿಮಗೇನು ಹಣೆಬರಹ ಅಂತ ಕೇಳಿದಳು. ಅವನು ಇಲ್ಲೇ ಹತ್ತಿರದಲ್ಲಿ ಮನೆ ಅಂತ ತೊದಲಿದ. ಪೇಪರನ್ನು ಅಷ್ಟು ದೂರ ಹಿಡಿದು ಓದುತ್ತೀರಿ, ನಿಮಗೆ ಕನ್ನಡಕ ಬೇಕು ಅಂದಳು. ಅವನಿಗೆ ನಗು ಬಂತು. ಮುಂದಿನ ವಾರಗಳಲ್ಲಿ ಅವನು ಭಾನುವಾರಕ್ಕೆ ಕಾಯತೊಡಗಿದ. ಅಂಗಿಗೆ ಇಸ್ತ್ರಿ ಹಾಕಿಕೊಂಡು ಬರತೊಡಗಿದ. ಅವಳು ಏನನ್ನು ಕುರಿತು ಮಾತಾಡಿದರೂ ಹೋಟೆಲಿನ ಗದ್ದಲದಲ್ಲಿ ಆ ದನಿಯೊಂದು ಅವನಿಗೆ ಬೇರೆಯಾಗಿ ಕೇಳುತ್ತಿತ್ತು. ತಾನು ಯಾರ ಮೈದುನ ಅಂತ ಹೇಳಬೇಕು ಅಂದುಕೊಳ್ಳುತ್ತಿದ್ದ. ಹೇಳಿದರೆ ಅವಳು ಆ ಟೇಬಲ್ಲಿಗೆ ಬರುವುದೇ ನಿಂತೀತು ಅಂತ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಹೋಟೆಲಿನ ಕುರ್ಚಿಗಳು ಒಂದೊಂದಾಗಿ ಖಾಲಿ ಬೀಳತೊಡಗಿದವು. ಮೊದಮೊದಲು ಕೈ ಕೈ ಹಿಡಿದು ಬರುತ್ತಿದ್ದ ಹೊಸ ಜೋಡಿ ನಾಪತ್ತೆಯಾಯಿತು. ದೊಡ್ಡ ಸಂಸಾರಗಳು ಬರುವುದು ನಿಂತಿತು. ಎಲ್ಲರೂ ಇಷ್ಟು ಹೊಗಳುತ್ತಾರೆ, ಮತ್ತೆ ಯಾಕೆ ಹೀಗೆ ಅಂತ ಅತ್ತಿಗೆ ತಲೆ ಕೆಡಿಸಿಕೊಂಡಳು. ಬಿಸಿಲು ಜಾಸ್ತಿ, ಜನ ಹೊರಗೆ ಬರುತ್ತಿಲ್ಲ ಅಂದ ಡ್ರೈವರ್. ಅವನ ಅದೃಷ್ಟಕ್ಕೆ ಅವತ್ತು ಮೋಡವಿತ್ತು. ಅತ್ತಿಗೆ ಹೊರಗೆ ಇಣುಕಿ ನೋಡಿದಳು. ಒಂದು ನಿರ್ಧಾರ ಮಾಡಿದಳು. ಬರುವವರನ್ನಾದರೂ ಉಳಿಸಿಕೊಳ್ಳಬೇಕು. ಎಲ್ಲರಿಗಿಂತ ಹೆಚ್ಚು ಹೊಗಳಿದ ಮೂಲೆ ಟೇಬಲ್ಲಿನವಳಿಗೆ ತಾನೇ ಹೋಗಿ ಒಂದು ಮಾತು ಹೇಳಬೇಕು.

ಮುಂದಿನ ಭಾನುವಾರ ಅವಳು ಅಡುಗೆಮನೆಯಿಂದ ಹೊರಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅದುವರೆಗೆ ಮಾಡಿದ್ದರಲ್ಲೇ ದಪ್ಪನೆಯ ಆಮ್ಲೆಟ್. ಅವಳು ನೇರ ಮೂಲೆಯ ಕಡೆ ಹೊರಟದ್ದನ್ನು ಕಂಡು ಡ್ರೈವರ್ ಪೇಪರಿನ ಹಿಂದೆ ಮುಖ ಮರೆಸಿದ.

ಅತ್ತಿಗೆ ತಟ್ಟೆ ಇಟ್ಟು, ಇದು ನನ್ನ ಕಡೆಯಿಂದ, ದುಡ್ಡು ಬೇಡ ಅಂದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, ಸ್ವಲ್ಪ ನಾಚಿ ಹೇಳಿದಳು. “ನಿಮ್ಮ ಮಾತು ಕೇಳಿ ಕೇಳೀನೇ ನಂಗೆ ಧೈರ್ಯ ಬಂದಿದ್ದು. ಗಟ್ಟಿಮುಟ್ಟಾಗಿದೆ ಅಂತೀರಂತಲ್ಲ ಪ್ರತಿ ಸಲ.”

ಕನ್ನಡಕದಂಗಡಿಯವಳು ತಬ್ಬಿಬ್ಬಾದಳು. “ನಾನಾ? ಯಾರು ಹೇಳಿದ್ರು ನಿಮ್ಗೆ?”

“ಇವನೇ. ನನ್ನ ಮೈದುನ,” ಅಂತ ಅತ್ತಿಗೆ ಪಕ್ಕದ ಟೇಬಲ್ಲನ್ನು ತೋರಿಸಿದಳು.

ಕನ್ನಡಕದಂಗಡಿಯವಳು ನಿಧಾನಕ್ಕೆ ಆ ಕಡೆ ತಿರುಗಿದಳು. ಒಂದೇ ಏಟಿಗೆ ಡ್ರೈವರನ ಬಣ್ಣ ಎರಡೂ ಕಡೆ ಬಯಲಾಯಿತು. ಅವನು ಪೇಪರನ್ನು ಮಡಚಿದ, ಮತ್ತೆ ಬಿಚ್ಚಿದ, ಮತ್ತೆ ಮಡಚಿದ.

ಅವಳು ಕೂಗಾಡುವ ಪೈಕಿ ಅಲ್ಲ. ಅತ್ತಿಗೆಗೆ ಎದುರಿನ ಕುರ್ಚಿ ಎಳೆದು ಕೊಟ್ಟು, ನಾನು ಅಂದದ್ದು ಬೇರೆ, ಬೇಸರ ಮಾಡಿಕೊಳ್ಳದಿದ್ದರೆ ಹೇಳುತ್ತೇನೆ ಅಂದಳು. ಅತ್ತಿಗೆ ಹೇಳಿ ಅಂದಳು. ಆಮ್ಲೆಟ್ ಗಟ್ಟಿ, ಹಿಟ್ಟು ಹಾಕಿದ ಹಾಗಿದೆ, ಬಾಯಲ್ಲಿ ಸುತ್ತುತ್ತದೆಯೇ ಹೊರತು ಇಳಿಯುವುದಿಲ್ಲ ಅಂತ ಒಂದೂ ಬಿಡದೆ ಹೇಳಿದಳು. ಆಮೇಲೆ, ಬೆಣ್ಣೆಯಲ್ಲಿ ಈರುಳ್ಳಿ ಬೆಂದ ಆ ಘಮ ಮಾತ್ರ ಇನ್ನೆಲ್ಲೂ ಕಂಡಿಲ್ಲ, ಆ ಘಮಕ್ಕೇ ಪ್ರತಿ ವಾರ ಬರುತ್ತೇನೆ, ಈ ವಾರವಾದರೂ ಸರಿಯಾಗಿರುತ್ತದೆ ಅಂತ ಆಸೆಪಡುತ್ತೇನೆ ಅಂದಳು. ಎದ್ದು, ಚೀಲ ಹೆಗಲಿಗೇರಿಸಿ, ಡ್ರೈವರನ ಟೇಬಲ್ಲನ್ನು ಖಾಲಿ ಟೇಬಲ್ಲಿನಂತೆ ದಾಟಿ ಹೊರಟುಹೋದಳು.

ಗಿರಾಕಿಗಳೆಲ್ಲ ಹೋದ ಮೇಲೆ ಡ್ರೈವರ್ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅತ್ತಿಗೆ ಬಾಣಲೆ ತಿಕ್ಕುತ್ತಿದ್ದಳು. ಅಣ್ಣ ಒಂದು ಒಣಗಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

“ಕ್ಯಾಂಟೀನಲ್ಲಿ ಅಷ್ಟು ವರ್ಷ ಬೇಯಿಸ್ದೆ, ಒಂದು ನರಪಿಳ್ಳೆ ಮಾತಾಡ್ಲಿಲ್ಲ,” ಅಂದಳು ಅತ್ತಿಗೆ, ತಿರುಗದೆ. “ಇಲ್ಲಿ ಜನ ಬಾಯಿಬಿಟ್ಟು ಹೇಳಿದ್ರು. ನೀನು ನನ್ನ ತನಕ ಬರೋಕೆ ಬಿಡ್ಲಿಲ್ಲ.”

“ಅವತ್ತು ನೀವು ಮಲಗಿಬಿಟ್ರಲ್ಲ ಅತ್ತಿಗೆ. ಹೆದರ್ಕೊಂಡೆ.”

“ಮಲಗಿದ್ದೆ. ಎದ್ದೆ ಅಲ್ವಾ?”

ಅಣ್ಣ ಲೋಟ ಕೆಳಗಿಟ್ಟು, ತಪ್ಪು ನನ್ನದೂ ಇದೆ, ಫೋನು ಮಾಡಿದವನು ನಾನೇ ಅಂದ. ನಿಮ್ಮಿಬ್ಬರನ್ನೂ ನಂಬಿ ಕೆಟ್ಟೆ ಅಂತ ಅತ್ತಿಗೆ ಬಾಣಲೆ ಕವುಚಿಟ್ಟಳು. ಆದರೆ ಮನೆಗೆ ಹೋಗುವ ಮೊದಲು ತೀರ್ಪು ಕೊಟ್ಟೇ ಹೋದಳು. ಮುಂದಿನ ಭಾನುವಾರ ಅಣ್ಣ ಈರುಳ್ಳಿ ಹೆಚ್ಚಲಿ. ಬಡಿಸುವವನು ಮೈದುನ. ಯಾರು ಏನು ಹೇಳುತ್ತಾರೋ ಅದನ್ನು ಅವರದೇ ಮಾತಿನಲ್ಲಿ, ಒಂದಕ್ಷರ ಆಚೆ ಈಚೆ ಮಾಡದೆ, ಕಿಟಕಿಯಲ್ಲಿ ನಿಂತು ಕೂಗಿ ಹೇಳಬೇಕು.

ಆ ಭಾನುವಾರ ಡ್ರೈವರ್ ಬಿಳಿ ಅಂಗಿ ತೊಟ್ಟು ಬಂದಾಗ ಹೋಟೆಲಿನಲ್ಲಿದ್ದವರಿಗೆ ವಿಷಯವೆಲ್ಲ ಗೊತ್ತಾಗಿತ್ತು. ಕ್ಷೌರದವನ ಅಂಗಡಿ ಇರುವ ಬೀದಿಯಲ್ಲಿ ಗುಟ್ಟು ಉಳಿಯುವುದಾದರೂ ಹೇಗೆ. ಬರುವುದು ಬಿಟ್ಟವರೂ ತಮಾಷೆ ನೋಡಲೆಂದೇ ಬಂದಿದ್ದರು. ಹೊಸ ಜೋಡಿಯೂ ಬಂದಿತ್ತು. ಮೂಲೆ ಟೇಬಲ್ಲೊಂದೇ ಖಾಲಿ. ಡ್ರೈವರ್ ಬಾಗಿಲ ಕಡೆ ಎಷ್ಟು ಸಲ ನೋಡಿದರೂ ಅದು ಖಾಲಿಯಾಗಿಯೇ ಇತ್ತು.

ಮೊದಲ ತಟ್ಟೆ ಮೇಷ್ಟ್ರದು. ಆಲೂಗಡ್ಡೆ ಇದ್ದಿಲು, ಬರೆದುಕೋ ಅಂದರು. ಬರೆದುಕೊಳ್ಳುವುದಿಲ್ಲ ಸಾರ್, ಕೂಗುತ್ತೇನೆ ಅಂತ ಅವನು ಕಿಟಕಿಗೆ ಹೋಗಿ ಕೂಗಿದ. ಇದ್ದಿಲಲ್ಲ ಅದು, ಆಲೂಗಡ್ಡೆಯ ಜೀವ ಅಂತ ಕ್ಷೌರದವನು ಎದ್ದು ನಿಂತ. ಅದನ್ನೂ ಕೂಗಿದ. ಹೊಸ ಜೋಡಿಯಲ್ಲಿ ಹೆಂಡತಿಗೆ ಕಾಫಿ ಬಾಯಿ ಸುಡುವಷ್ಟು ಬಿಸಿ, ಗಂಡನಿಗೆ ಆರಿಹೋಗಿದೆ. ಎರಡೂ ಒಂದೇ ಜಗ್ಗಿನಿಂದ ಬಗ್ಗಿಸಿದ್ದು. ಒಬ್ಬರಿಗೆ ಕುರ್ಚಿ ಎತ್ತರ, ಇನ್ನೊಬ್ಬರಿಗೆ ಟೇಬಲ್ಲು ತಗ್ಗು. ಇದನ್ನು ಕೂಗಿದಾಗ ಒಳಗೆ ಅಣ್ಣ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ್ದು ಹೊರಗಿನವರೆಗೂ ಕೇಳಿಸಿತು. ಟೋಸ್ಟು ತೆಳು, ಟೋಸ್ಟು ದಪ್ಪ, ಹಣ್ಣು ಹುಳಿ, ಹಣ್ಣೊಂದೇ ಚೆನ್ನಾಗಿರುವುದು. ಕೂಗಿ ಕೂಗಿ ಅವನ ಗಂಟಲು ಕಟ್ಟಿತು. ಕೂತವರಿಗೂ ಹುಮ್ಮಸ್ಸು ಬಂದು ಪರಸ್ಪರ ವಾದಕ್ಕೆ ಬಿದ್ದರು. ಆಮ್ಲೆಟ್ಟಿನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಒಂದಾದರು. ಹೊಗಳುವುದಕ್ಕೇ ಹುಟ್ಟಿದ ಕ್ಷೌರದವನೂ ತಟ್ಟೆ ನೋಡುತ್ತ ಸುಮ್ಮನಾದ.

ಆಗ ಅಡುಗೆಮನೆಯಲ್ಲಿ ಒಲೆ ಆರಿಸಿದ ಸದ್ದಾಯಿತು. ಅತ್ತಿಗೆ ಹೊರಬಂದು ಮೂಲೆಯ ಖಾಲಿ ಟೇಬಲ್ಲಿನಲ್ಲಿ ಕೂತಳು. ಮಾಡಿಟ್ಟ ತಟ್ಟೆಯೊಂದಿದೆ, ನನಗೂ ತಂದುಕೊಡು ಅಂದಳು ಮೈದುನನಿಗೆ. ಹೋಟೆಲು ತೆರೆದಾಗಿನಿಂದ ಅವಳು ತನ್ನ ಅಡುಗೆಯನ್ನು ಕೂತು ತಿಂದಿರಲಿಲ್ಲ. ಉಪ್ಪು ನೋಡಲು ನಾಲಿಗೆಗೆ ಮುಟ್ಟಿಸುತ್ತಿದ್ದಳು ಅಷ್ಟೇ, ಮನೆಗೆ ಹೋಗಿ ಅನ್ನ ಉಣ್ಣುತ್ತಿದ್ದಳು. ಅಡುಗೆಯವರ ಹೊಟ್ಟೆ ವಾಸನೆಗೇ ತುಂಬಿರುತ್ತದೆ.

ಅವಳು ಒಂದು ತುಂಡು ಕತ್ತರಿಸಿ ಬಾಯಿಗಿಟ್ಟಳು. ಅಗಿದಳು. ಇನ್ನೂ ಅಗಿದಳು. ಹೋಟೆಲಿನಲ್ಲಿ ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು. ನುಂಗಿ, ನೀರು ಕುಡಿದು, ಅವಳು ತನಗೇ ಹೇಳಿಕೊಳ್ಳುವ ಹಾಗೆ ಹೇಳಿದಳು.

“ಇದು ಕ್ಯಾಂಟೀನ್ ಆಮ್ಲೆಟ್ ಕಣೋ. ಗಂಟೆ ಹೊಡಿಯೋ ತನಕ ತಟ್ಟೇಲಿ ಕೂತಿರ್ಬೇಕಲ್ಲ ಅಂತ ಹಿಟ್ಟು ಹಾಕ್ತಿದ್ದೆ. ಇಲ್ಲಿ ಯಾವ ಗಂಟೆ ಇದೆ?”

ಅವಳು ಕಾಫಿಯನ್ನು ಒಂದು ಗುಟುಕು ಕುಡಿದು ದೂರ ತಳ್ಳಿದಳು, ನೀರು ಅನ್ನುವವರು ಸರಿಯಾಗಿಯೇ ಹೇಳಿದ್ದರು ಅಂದಳು. ಆಮೇಲೆ ಆಲೂಗಡ್ಡೆಗೆ ಕೈಹಾಕಿದಳು. ಒಂದು ತಿಂದಳು, ಇನ್ನೊಂದು ತಿಂದಳು, ತಟ್ಟೆಯ ಮೂಲೆಯ ಕಪ್ಪು ಚೂರುಗಳನ್ನೂ ಬೆರಳಿನಿಂದ ಆರಿಸಿ ತಿಂದಳು. ಕೊನೆಗೆ ಮೇಷ್ಟ್ರ ಕಡೆ ತಿರುಗಿ, ನಿಮಗೆ ಬೇಕಾದರೆ ಕಪ್ಪಾಗುವ ಮೊದಲೇ ಬೇರೆ ತೆಗೆದಿಡುತ್ತೇನೆ ಮೇಷ್ಟ್ರೇ, ಆದರೆ ಆಲೂಗಡ್ಡೆ ಇದೇ ಥರ ಇರುತ್ತದೆ, ನನಗೆ ಇದು ಇಷ್ಟ ಅಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಹೊಗಳಿಕೆ ಕೇಳಿದ ದಿನಗಳಲ್ಲೂ ಕಾಣದ ಒಂದು ನೆಮ್ಮದಿ ಇತ್ತು. ಕ್ಷೌರದವನು ಗೆದ್ದೆ ಅಂತ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು, ಬೇರೆ ತೆಗೆದಿಟ್ಟರೆ ಸಾಕು ಅಂತ ಕೂದಲು ಹಿಂದಕ್ಕೆ ತಳ್ಳಿಕೊಂಡರು.

ಅತ್ತಿಗೆಯ ಕಡೆಯದು ಹೀಗೆ ಇತ್ಯರ್ಥವಾಯಿತು. ಡ್ರೈವರನಿಗೆ ಇನ್ನೊಂದು ಕಡೆಯ ಬಾಕಿ ಉಳಿದಿತ್ತು. ವಾರದ ನಡುವೆ ಡ್ಯೂಟಿ ಮುಗಿದ ಮಧ್ಯಾಹ್ನ ಅವನು ಕನ್ನಡಕದಂಗಡಿಗೆ ಹೋದ. ಸಣ್ಣ ಅಂಗಡಿ, ಗೋಡೆ ತುಂಬ ಫ್ರೇಮುಗಳು, ಎಲ್ಲಿ ನೋಡಿದರೂ ಕನ್ನಡಿ. ತನ್ನ ಪೆಚ್ಚು ಮೋರೆಯನ್ನು ಹತ್ತು ಕಡೆಯಿಂದ ನೋಡಿಕೊಳ್ಳುತ್ತ ನಿಂತ. ಅವಳು ಒಬ್ಬ ಮುದುಕಿಯ ಕನ್ನಡಕದ ತಿರುಪು ಬಿಗಿಮಾಡಿ ಕಳಿಸಿ, ಏನು ಬೇಕಿತ್ತು ಅಂತ ಗಿರಾಕಿಗೆ ಕೇಳುವ ಹಾಗೆ ಕೇಳಿದಳು.

ಅವನು ತಪ್ಪಾಯಿತು ಅಂದ. ಅತ್ತಿಗೆಗೆ ನೋವಾಗಬಾರದು ಅಂತ ಹಾಗೆ ಮಾಡಿದೆ, ನಿಮ್ಮ ಮಾತನ್ನು ತಿರುಚಬಾರದಿತ್ತು, ಯಾರು ಅಂತ ನಿಮಗೂ ಹೇಳಬೇಕಿತ್ತು ಅಂದ.

ಅವಳು ಗಾಜು ಒರೆಸುವ ಬಟ್ಟೆಯನ್ನು ಮಡಚಿಟ್ಟಳು. ಆಮೇಲೆ ಹೇಳಿದ್ದು ಇಷ್ಟು. ಅವಳಿಗೆ ಮದುವೆಯಾಗಿತ್ತು. ಆ ಮನೆಯಲ್ಲಿ ಎಲ್ಲವನ್ನೂ ಚೆನ್ನಾಗಿದೆ ಅನ್ನಬೇಕಿತ್ತು. ಸೀರೆ ತಂದರೂ, ಬೈದರೂ, ಮನೆ ಬದಲಾಯಿಸಿದರೂ ಚೆನ್ನಾಗಿದೆ. ಹೀಗೆ ಅನ್ನುತ್ತ ಅನ್ನುತ್ತ ತನಗೇನು ಇಷ್ಟ ಅನ್ನುವುದೇ ಮರೆತುಹೋಗಿತ್ತು. ಹೊರಬಂದ ಮೇಲೆ ಅನಿಸಿದ್ದನ್ನು ಹೇಳುವುದನ್ನು ಮೊದಲಿಂದ ಕಲಿತಳು.

“ಕಷ್ಟಪಟ್ಟು ಕಲ್ತಿದ್ದು ರೀ ಅದು,” ಅಂದಳು. “ನೀವು ಅದನ್ನ ತಗೊಂಡು ಹೋಗಿ ಮತ್ತೆ ಚೆನ್ನಾಗಿದೆ ಮಾಡಿಬಿಟ್ರಿ.”

ಅವನು ಹೊರಡುತ್ತೇನೆ ಅಂತ ತಿರುಗಿದ. ಬಾಗಿಲಲ್ಲಿ ಅವಳೇ ತಡೆದಳು. ಬಂದದ್ದು ಬಂದಿದ್ದೀರಿ, ಕಣ್ಣು ತೋರಿಸಿಕೊಂಡು ಹೋಗಿ, ಬಸ್ಸಿನಲ್ಲಿ ಕೂತವರ ಪ್ರಾಣದ ಪ್ರಶ್ನೆ ಅಂದಳು. ದೂರದ್ದು ಚೆನ್ನಾಗಿ ಕಾಣುತ್ತದೆ ಅಂತ ಅವನು ಹೇಳಿದರೂ ಕೇಳಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಕೈಗೆ ಸಣ್ಣಕ್ಷರದ ಹಾಳೆ ಕೊಟ್ಟು, ಒಂದು ಗಾಜು ಹಾಕಿ ಕೇಳಿದಳು, ಹೇಗಿದೆ?

ಚೆನ್ನಾಗಿದೆ ಅಂದ.

ಅದನ್ನು ತೆಗೆದು ಇನ್ನೊಂದು ಹಾಕಿದಳು. ಇದೂ ಚೆನ್ನಾಗಿದೆ ಅಂದ. ಮೂರನೆಯದಕ್ಕೂ ಅದೇ ಮಾತು ಬಂದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಎಲ್ಲಾ ಚೆನ್ನಾಗಿದೆ ಅಂದ್ರೆ ನಿಮ್ಗೆ ಕನ್ನಡಕ ಮಾಡೋಕೆ ಆಗಲ್ಲ. ನಂಗೆ ಬೇಜಾರಾಗಲ್ಲ, ಹೇಳಿ.”

ಅವನು ಹಾಳೆಯನ್ನು ದಿಟ್ಟಿಸಿದ. ಮೊದಲನೆಯದು ಮಂಜು ಮಂಜು ಅಂದ. ಎರಡನೆಯದರಲ್ಲಿ ಅಕ್ಷರ ಜೋಡಿ ಜೋಡಿಯಾಗಿ ಕಾಣುತ್ತವೆ, ಈಗ ಹಾಕಿರುವುದರಲ್ಲಿ ತಲೆ ತಿರುಗುತ್ತದೆ ಅಂದ. ಅವಳು ಮುನಿಸಿಕೊಳ್ಳಲಿಲ್ಲ, ಗಾಜು ಬದಲಾಯಿಸಿದಳು. ಇನ್ನೊಂದು, ಮತ್ತೊಂದು. ಒಂದರಲ್ಲಿ ಅಕ್ಷರಗಳು ಇದ್ದಕ್ಕಿದ್ದ ಹಾಗೆ ತೊಳೆದಿಟ್ಟಂತೆ ಎದ್ದು ನಿಂತವು. ಅವನು ಇದು ಅಂದ. ನಿಜವಾಗಿಯೂ? ನಿಜವಾಗಿಯೂ. ತಲೆಯೆತ್ತಿದಾಗ ಹತ್ತಿರವೇ ಬಗ್ಗಿದ್ದ ಅವಳ ಮುಖವೂ, ಕಣ್ಣ ಅಂಚಿನ ಸಣ್ಣ ಗೆರೆಗಳೂ ಸ್ಪಷ್ಟವಾಗಿ ಕಂಡವು. ಅದನ್ನು ಕುರಿತು ಅಭಿಪ್ರಾಯ ಹೇಳುವ ಧೈರ್ಯ ಅವನಿಗೆ ಅವತ್ತು ಬರಲಿಲ್ಲ.

ಭಾನುವಾರ ಅವಳು ತಡವಾಗಿ, ಹೋಟೆಲು ಮುಚ್ಚುವ ಹೊತ್ತಿಗೆ ಬಂದಳು. ಹಿಟ್ಟಿಲ್ಲದ ಆಮ್ಲೆಟ್ ಬಾಣಲೆಯಿಂದ ನೇರ ತಟ್ಟೆಗೆ ಬಂತು, ಮಡಿಕೆ ಮುಟ್ಟಿದರೆ ನಡುಗುವಷ್ಟು ಮೆತ್ತಗೆ. ಅವಳು ತಟ್ಟೆ ಹತ್ತಿರಕ್ಕೆಳೆದು ಮೂಸಿದಳು. ಕಿಟಕಿಯಲ್ಲಿ ಅತ್ತಿಗೆಯ ತಲೆ, ಅದರ ಮೇಲೆ ಅಣ್ಣನ ತಲೆ. ಅವಳು ಎರಡು ತುತ್ತಿಗೆ ನಿಲ್ಲಿಸಲಿಲ್ಲ. ಟೋಸ್ಟಿನ ಚೂರಿನಿಂದ ತಟ್ಟೆಯನ್ನು ಒರೆಸಿ ತಿಂದು, ಡ್ರೈವರನನ್ನು ಕರೆದು ಹೇಳಿದಳು. ಅವನು ಕಿಟಕಿಗೆ ಹೋಗಿ, ಹೊಸ ಕನ್ನಡಕ ಸರಿಮಾಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಕೂಗಿದ. ತುಂಬ ರುಚಿಯಾಗಿದೆಯಂತೆ, ಉಪ್ಪು ಒಂದು ಚಿಟಿಕೆ ಕಮ್ಮಿಯಂತೆ.

ಅತ್ತಿಗೆ ಯೋಚಿಸಿದಳು. “ಉಪ್ಪು ಸರಿಯಾಗೇ ಇದೆ ಅಂತ ಹೇಳು,” ಅಂದಳು.

ಅವನು ಹೋಗಿ ಅದನ್ನೂ ಹಾಗೇ ಹೇಳಿದ. ಕನ್ನಡಕದಂಗಡಿಯವಳು ನಕ್ಕು, ಟೇಬಲ್ಲಿನ ಮೇಲಿದ್ದ ಉಪ್ಪಿನ ಡಬ್ಬಿ ತೋರಿಸಿ, ಹಾಗಾದರೆ ಇದನ್ನು ಇಲ್ಲಿಂದ ಎತ್ತಬೇಡಿ ಅನ್ನಿ ಅಂದಳು.

ಹೋಟೆಲು ಈಗ ಚೆನ್ನಾಗಿ ನಡೆಯುತ್ತಿದೆ. ಎಲ್ಲರಿಗೂ ಒಪ್ಪಿಗೆಯಾಗಿದೆ ಅಂತಲ್ಲ. ಕಾಫಿ ಈಗ ತೀರ ಗಟ್ಟಿ ಅನ್ನುವವರು ಹುಟ್ಟಿಕೊಂಡಿದ್ದಾರೆ. ಮೇಷ್ಟ್ರು ಕೊನೆಗೂ ಕ್ಷೌರಕ್ಕೆ ಹೋದರು. ಕತ್ತರಿ ಆಡುವಷ್ಟು ಹೊತ್ತೂ ಇಬ್ಬರೂ ಆಲೂಗಡ್ಡೆಯ ಬಗ್ಗೆ ವಾದ ಮಾಡಿದರು, ಒಂದು ಕಡೆಯ ಕೆನ್ನೆಗೂದಲು ಸ್ವಲ್ಪ ಗಿಡ್ಡವಾಯಿತು. ಡ್ರೈವರ್ ಡಿಪೋದಲ್ಲಿ ಕೇಳಿಕೊಂಡು ಈ ಬಡಾವಣೆಯ ರೂಟಿಗೆ ಹಾಕಿಸಿಕೊಂಡ. ಅಂಗಡಿಯ ಮುಂದೆ ಬಸ್ಸು ಹೋಗುವಾಗ ನನ್ನ ಬೋರ್ಡು ಹೇಗೆ ಕಾಣುತ್ತದೆ ಅಂತ ಕನ್ನಡಕದಂಗಡಿಯವಳು ಒಂದು ದಿನ ಅವನನ್ನು ಕೇಳಿದಳು. ಆ ಬೋರ್ಡಿನ ಬಣ್ಣ ಅವಳೇ ಆರಿಸಿದ್ದು, ನೀಲಿಯ ಮೇಲೆ ನೇರಳೆ. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡು, ಒಂದಕ್ಷರವೂ ಓದಲು ಬರುವುದಿಲ್ಲ ಅಂದ. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಬಣ್ಣದ ಡಬ್ಬಿ ತರಲು ಪೇಟೆಗೆ ಹೊರಟಾಗ, ಅವನ ಬಸ್ಸು ಬರುವ ತನಕ ಕಾದು, ಅದನ್ನೇ ಹತ್ತಿದಳು.